ಎಡಗೈಗೊಂದು ಕೆಲಸ

ಕಳೆದ ತಿಂಗಳು ಎನ್.ಆರ್. ಪುರದಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದೆ. ಬಾಳೆಲೆ ಸಾಲದೆ ಕೊನೆಯ ಪಂಕ್ತಿಗೆ ಅಡಿಕೆ ಹಾಳೆಯ ತಟ್ಟೆ ಹಾಕಿದ್ದರು. ಬಿಸಿ ಅನ್ನದ ಮೇಲೆ ಸಾರು ಬಿದ್ದ ಕೂಡಲೇ ತಟ್ಟೆಯಿಂದ ಸಣ್ಣದೊಂದು ವಾಸನೆ ಎದ್ದಿತು. ಪಕ್ಕದಲ್ಲಿ ಕುಳಿತವರಿಗೆ ಅದು ಗೊತ್ತಾಗಿರಲಾರದು. ಒದ್ದೆ ಹಾಳೆ ಕಾದ ಕಬ್ಬಿಣಕ್ಕೆ ತಾಗಿದಾಗ ಬರುವ ವಾಸನೆ ಅದು, ಸ್ವಲ್ಪ ಸಿಹಿ, ಸ್ವಲ್ಪ ಕರಕಲು. ಅನ್ನ ಕಲಸಲಾಗದೆ ಸುಮ್ಮನೆ ಕುಳಿತೆ. ಬಡಿಸುವವರು ಬಗ್ಗಿ, ‘ಎಂತ ಆಯ್ತು? ಸಾರು ಖಾರ ಆಯ್ತಾ?’ ಎಂದು ಕೇಳಿದರು. ಹೌದು ಎಂದೆ.

ಐದು ವರ್ಷದ ಹಿಂದೆ ಒಂದು ಇಡೀ ಬೇಸಿಗೆಯನ್ನು ನಾನು ಆ ವಾಸನೆಯೊಳಗೆ ಕಳೆದಿದ್ದೇನೆ. ಕೊಪ್ಪದಿಂದ ಶೃಂಗೇರಿ ಕಡೆಗೆ ಹೋಗುವ ರಸ್ತೆಯಲ್ಲಿ, ಹಿಂದೆ ಅಕ್ಕಿ ಗಿರಣಿಯಾಗಿದ್ದ ಕಟ್ಟಡವೊಂದರಲ್ಲಿ, ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಸಣ್ಣ ಘಟಕ ಇತ್ತು. ನಾಲ್ಕು ಯಂತ್ರ, ಹನ್ನೊಂದು ಹೆಂಗಸರು, ಹಾಳೆ ತರಲು ಒಂದು ಪಿಕಪ್. ಸಂಕ್ರಾಂತಿ ಕಳೆದ ಮೇಲೆ ನಾನು ಅಲ್ಲಿಗೆ ರೈಟರ್ ಆಗಿ ಸೇರಿದೆ. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಕಾಫಿ ಎಸ್ಟೇಟೊಂದರಲ್ಲಿ ಅದೇ ಕೆಲಸ ಮಾಡಿದವನು. ನಮ್ಮ ಕಡೆ ರೈಟರ್ ಎಂದರೆ ಹಾಜರಿ ಬರೆಯುವವನು, ಕೆಲಸ ಹಂಚುವವನು, ಮಾಲೀಕರಿಗೂ ಕೆಲಸದವರಿಗೂ ನಡುವೆ ನಿಲ್ಲುವವನು. ನಡುವೆ ನಿಂತವನಿಗೆ ಎರಡೂ ಕಡೆಯ ಮಾತು ಕೇಳಿಸುತ್ತದೆ. ಕೇಳಿಸಿದ್ದನ್ನೆಲ್ಲ ಅವನು ದಾಟಿಸುತ್ತಾನೆಯೇ ಎಂಬುದು ಬೇರೆ ಪ್ರಶ್ನೆ.

ಮಾಲೀಕರನ್ನು ಎಲ್ಲರೂ ಸತೀಶಣ್ಣ ಎನ್ನುತ್ತಿದ್ದರು. ಐವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ. ಕೆಲಸದವರ ಮನೆಯಲ್ಲಿ ಯಾರಿಗಾದರೂ ಜ್ವರ ಎಂದರೆ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದನ್ನು ಓದಿ ಅವರನ್ನು ಕೆಟ್ಟವರೆಂದುಕೊಂಡರೆ ತಪ್ಪಾಗುತ್ತದೆ.

ಯಂತ್ರದ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಎರಡೂ ಕರೆಂಟಿನಿಂದ ಕಾದಿರುತ್ತವೆ. ತೊಳೆದು ನೆನೆಸಿದ ಹಾಳೆಯನ್ನು ಕೆಳಗಿನ ಅಚ್ಚಿನ ಮೇಲೆ ಹರಡಿ, ಬಲಗಡೆಯ ಲಿವರ್ ಎಳೆದರೆ ಮೋಟಾರಿನ ಬಲದಿಂದ ಮೇಲಿನ ಅಚ್ಚು ಇಳಿದು ಕೂರುತ್ತದೆ. ಒಂದು ನಿಮಿಷ ಬಿಟ್ಟು ಲಿವರ್ ಎತ್ತಿದರೆ ತಟ್ಟೆ ಸಿದ್ಧ. ಆದರೆ ಹಾಳೆ ಹುಟ್ಟಿನಿಂದಲೇ ಬಾಗಿದ ವಸ್ತು. ಹರಡಿದ ಮೇಲೂ ಸುರುಳಿ ಸುತ್ತಿಕೊಳ್ಳಲು ನೋಡುತ್ತದೆ. ಅದಕ್ಕೆ ಕುಳಿತವಳ ಎಡಗೈ ಅದರ ಅಂಚನ್ನು ಒತ್ತಿ ಹಿಡಿದಿರುತ್ತದೆ. ಬಲಗೈ ಲಿವರ್ ಎಳೆಯುವ ಮೊದಲು ಆ ಎಡಗೈ ಹೊರಗೆ ಬರಬೇಕು. ಸುರಕ್ಷತೆ ಎಂದರೆ ಇಷ್ಟೇ. ಎಡಗೈ ಮೊದಲು, ಬಲಗೈ ಆಮೇಲೆ. ಬೆಳಗಿನಿಂದ ಸಂಜೆಯವರೆಗೆ, ನೂರಾರು ಸಲ.

ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಕೈ ಜೋಪಾನ’ ಎಂದು ಬರೆಸಿತ್ತು. ದಿನಾ ಬೆಳಿಗ್ಗೆ ಯಂತ್ರ ಶುರು ಮಾಡುವ ಮುನ್ನ ನಾನೂ ಗಟ್ಟಿಯಾಗಿ ಅದನ್ನೇ ಹೇಳುತ್ತಿದ್ದೆ. ಆದರೂ ವಾರಕ್ಕೊಬ್ಬರ ಬೆರಳಾದರೂ ಚುರುಕ್ ಎನ್ನುತ್ತಿತ್ತು. ನನ್ನ ಮೇಜಿನ ಡ್ರಾಯರಿನಲ್ಲಿ ಸುಟ್ಟ ಗಾಯದ ಮುಲಾಮು ಇರುತ್ತಿತ್ತು. ಫೆಬ್ರವರಿಯ ಎರಡನೆಯ ವಾರ ಪ್ರೇಮಾ ಎಂಬ ಹುಡುಗಿಯ ನಾಲ್ಕು ಬೆರಳಿನ ಮೇಲ್ಚರ್ಮ ಪೂರ್ತಿ ಎದ್ದುಹೋಯಿತು. ಅಚ್ಚು ಕೂರುವ ಮೊದಲು ಕೈ ಕಿತ್ತುಕೊಂಡಿದ್ದಕ್ಕೆ ಬೆರಳು ಉಳಿದವು. ಮೂರು ವಾರ ಅವಳು ಕೆಲಸಕ್ಕೆ ಬರಲಿಲ್ಲ.

ಅದಾದ ಮೇಲೆ ಆ ಹನ್ನೊಂದು ಹೆಂಗಸರಲ್ಲಿ ಒಬ್ಬರಾದ ಲಲಿತಕ್ಕ ವಿಚಿತ್ರವಾಗಿ ನಡೆದುಕೊಳ್ಳತೊಡಗಿದರು. ಬೇಗಾರಿನಲ್ಲಿ ಹುಟ್ಟಿ, ಅಲ್ಲಿನ ತೋಟಗಳಲ್ಲಿ ಅಡಿಕೆ ಸುಲಿದು ಬೆಳೆದು, ಕೊಪ್ಪದ ಹತ್ತಿರಕ್ಕೆ ಮದುವೆಯಾಗಿ ಬಂದವರು. ಐವತ್ತು ದಾಟಿತ್ತು, ಮಾತು ಕಡಿಮೆ. ಯಂತ್ರ ತಣಿಯಬಾರದೆಂದು ಹೆಂಗಸರು ಎರಡು ಸರದಿಯಲ್ಲಿ ಊಟ ಮಾಡುತ್ತಿದ್ದರು. ಲಲಿತಕ್ಕ ತಮ್ಮ ಊಟವನ್ನು ಐದು ನಿಮಿಷದಲ್ಲಿ ಮುಗಿಸಿ, ಹಾಳೆಯ ಕಟ್ಟಿನ ಮೇಲೆ ಕುಳಿತು, ಉಳಿದವರು ಕೆಲಸ ಮಾಡುವುದನ್ನೇ ದಿಟ್ಟಿಸುತ್ತಿದ್ದರು. ಮೂರನೆಯ ದಿನ ನಾನು ಹತ್ತಿರ ಹೋದೆ.

‘ಎಂತ ನೋಡ್ತಾ ಕೂತಿದೀರಿ ಲಲಿತಕ್ಕ?’

‘ಕೈ ನೋಡ್ತಿದೀನಿ ರೈಟ್ರೇ.’

‘ಯಾರ ಕೈ?’

‘ಎಲ್ಲರದ್ದೂ. ಎಡಗೈ.’

ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ.

‘ನಾವೆಲ್ಲ ಅಡಿಕೆ ಸುಲಿದು ಬಂದವ್ರು ಅಲ್ದಾ? ಮೆಟ್ಟುಗತ್ತೀನ ಕಾಲಲ್ಲಿ ಮೆಟ್ಕಂಡು ಕೂತ್ರೆ ಕತ್ತಿ ಎದ್ದು ಬರದಿಲ್ಲ. ಅದು ಇದ್ದಲ್ಲೇ ಇರ್ತದೆ, ಕೈಯೇ ಅದ್ರ ಹತ್ರ ಹೋಗದು. ಮೂವತ್ತು ವರ್ಷ ಕತ್ತಿ ಪಕ್ಕ ಕೈ ಇಟ್ಕಂಡು ತೂಕಡಿಸಿದೀನಿ, ಒಂದು ಗೀರು ಬಿದ್ದಿಲ್ಲ. ಕೈಗೆ ಕಬ್ಬಿಣದ ಹೆದ್ರಿಕೆನೇ ಹೋಗಿದೆ. ಇಲ್ಲಿ ನೋಡಿ, ಕಬ್ಬಿಣವೇ ಎದ್ದು ಬರ್ತದೆ. ಕೈಗೆ ಅದು ಗೊತ್ತಿಲ್ಲ.’

‘ನಾನು ದಿನಾ ಹೇಳ್ತಿದೀನಲ್ಲ, ಹುಷಾರು ಅಂತ?’

‘ನೀವು ಹೇಳದು ಕಿವಿಗೆ. ಕೈಗೆ ಕಿವಿ ಇಲ್ಲ ಮಾರಾಯ್ರೆ. ಅದಕ್ಕೊಂದು ಕೆಲಸ ಕೊಡ್ಬೇಕು. ಕೆಲಸ ಇಲ್ದಿದ್ರೆ ಅದು ಅಲ್ಲೇ ಕೂತಿರ್ತದೆ.’

ಆಮೇಲೆ ನಾನೂ ನೋಡಿದೆ. ಅವರು ಹೇಳಿದ ಮೇಲೆ ಅದು ಎದ್ದು ಕಾಣುತ್ತಿತ್ತು. ಮಾತಾಡುತ್ತಾ, ನಗುತ್ತಾ, ಬಾಗಿಲ ಕಡೆ ತಿರುಗುತ್ತಾ ಬಲಗೈ ಲಿವರಿಗೆ ಹೋಗುತ್ತಿತ್ತು. ಎಡಗೈ ಕೊನೆಯ ಗಳಿಗೆಯವರೆಗೆ ಅಚ್ಚಿನ ಅಂಚಿನಲ್ಲಿ ನಿಶ್ಚಿಂತೆಯಿಂದ ಕೂತಿರುತ್ತಿತ್ತು. ಒಂದು ತಿಂಗಳಿಂದ ನಾನು ಎಷ್ಟು ತಟ್ಟೆಯಾಯಿತು ಎಂದು ನೋಡುತ್ತಿದ್ದೆ. ಕೈಗಳನ್ನು ನೋಡಿರಲಿಲ್ಲ.

ಶಿವರಾತ್ರಿಗೆ ಮುಂಚಿನ ಭಾನುವಾರ ಲಲಿತಕ್ಕ ಘಟಕದ ಬೀಗದ ಕೈ ಕೇಳಿದರು. ಕೊಟ್ಟೆ. ಸೋಮವಾರ ಬಂದು ನೋಡಿದರೆ ಮೊದಲನೆಯ ಯಂತ್ರದ ಎಡಗಡೆಗೆ ಅಡಿಕೆ ಮರ ಸೀಳಿ ಮಾಡಿದ ಮೊಳದುದ್ದದ ದಬ್ಬೆ ಕೂರಿಸಿತ್ತು. ದಬ್ಬೆಯ ತುದಿಯಿಂದ ಒಂದು ಹಗ್ಗ ಯಂತ್ರದ ಬೆನ್ನ ಹಿಂದಿನಿಂದ ಸುತ್ತಿ ಬಂದು, ಲಿವರನ್ನು ಹಿಡಿದಿದ್ದ ಕೊಕ್ಕೆಗೆ ಸೇರಿತ್ತು. ದಬ್ಬೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಕೊಕ್ಕೆ ಬಿಟ್ಟು ಲಿವರ್ ಕೆಳಗೆ ಬರುತ್ತಿತ್ತು. ಕೈ ತೆಗೆದರೆ, ಮೇಲೆ ಬಿಗಿದಿದ್ದ ಸೈಕಲ್ ಟ್ಯೂಬು ದಬ್ಬೆಯನ್ನು ವಾಪಸ್ ಎಳೆದುಕೊಂಡು ಕೊಕ್ಕೆ ಮತ್ತೆ ಬೀಳುತ್ತಿತ್ತು. ಅಂದರೆ ಅಚ್ಚು ಇಳಿಯುವಾಗ ಎರಡು ಕೈಯೂ ಹೊರಗಿರಲೇಬೇಕು. ಎಡಗೈಗೆ ಅವರು ನಿಜವಾಗಿಯೂ ಒಂದು ಕೆಲಸ ಕೊಟ್ಟಿದ್ದರು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವಳು ಶಕುಂತಲ. ಮೂವತ್ತೈದರ ಒಳಗಿನ ಹೆಂಗಸು, ಕೆರೆಕಟ್ಟೆಯ ಹುಡುಗಿ. ‘ನಮ್ಮೂರಲ್ಲಿ ಬಸ್ಸು ಕಾಯ್ತಾ ಕೂತು ಕೂತು ಮಾತು ಕಲ್ತದ್ದು’ ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದಳು.

‘ಒಂದು ಕೈ ಗಂಡ ಹಿಡ್ಕಂಡ, ಇನ್ನೊಂದು ಕೈ ಈ ದಬ್ಬೆ ಹಿಡ್ಕಂತು. ಸೊಳ್ಳೆ ಕಚ್ಚಿದ್ರೆ ತುರಿಸ್ಕಳಕ್ಕೆ ಎಲ್ಲಿಂದ ಕೈ ತರ್ಲಿ ಮಾರಾಯ್ತಿ?’

‘ನಾಲಿಗೆ ಅಷ್ಟುದ್ದ ಇದೆಯಲ್ಲ, ಅದ್ರಲ್ಲೇ ತುರಿಸ್ಕ’ ಎಂದರು ಲಲಿತಕ್ಕ. ಅವರು ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಸತೀಶಣ್ಣ ಬಂದು ಎರಡು ಸಲ ಒತ್ತಿ ನೋಡಿ, ‘ನೋಡಕ್ಕೆ ಚೆಂದ ಇಲ್ಲ. ಆದ್ರೆ ಇರ್ಲಿ, ಎಲ್ಲದಕ್ಕೂ ಹಾಕಿ’ ಎಂದರು. ಒಂದೇ ವಾರದಲ್ಲಿ ನಾಲ್ಕೂ ಯಂತ್ರಕ್ಕೆ ದಬ್ಬೆ ಬಂತು. ಮೊದಲ ಕೆಲವು ದಿನ ಕೆಲಸ ನಿಧಾನವಾಯಿತು. ಮಾರ್ಚ್ ನಡುವಿಗೆ ಎಲ್ಲರ ಕೈಗೂ ಅದು ಒಗ್ಗಿತು.

ಆ ಮಾರ್ಚ್, ಏಪ್ರಿಲ್ ಚೆನ್ನಾಗಿದ್ದವು. ಹೊರಗೆ ಬಿಸಿಲು, ಒಳಗೆ ನಾಲ್ಕು ಯಂತ್ರದ ಕಾವು. ಮೂರು ಗಂಟೆಯ ಹೊತ್ತಿಗೆ ಹೆಂಗಸರು ಸೆರಗು ನೀರಿನಲ್ಲಿ ಅದ್ದಿ ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದರು. ಪಿಕಪ್ ದಿನಕ್ಕೆರಡು ಸಲ ಹಾಳೆ ತಂದು ಸುರಿಯುತ್ತಿತ್ತು. ಮಳೆ ಹಿಡಿದರೆ ಹಾಳೆಗೆ ಬೂಸ್ಟು ಬರುತ್ತದೆ, ಆದ್ದರಿಂದ ವರ್ಷದ ಕೆಲಸವೆಲ್ಲ ಆ ಬಿಸಿಲಿನಲ್ಲೇ ಮುಗಿಯಬೇಕು. ಏಪ್ರಿಲ್ ಕೊನೆಗೆ ಒಂದು ದಿನ ಡ್ರಾಯರ್ ತೆಗೆದಾಗ ಮುಲಾಮಿನ ಟ್ಯೂಬು ಬಾಯಿಯ ಹತ್ತಿರ ಒಣಗಿ ಗಟ್ಟಿಯಾಗಿತ್ತು. ಎರಡು ತಿಂಗಳಿಂದ ಯಾರೂ ಅದನ್ನು ಕೇಳಿರಲಿಲ್ಲ.

ಅದೇ ಹೊತ್ತಿಗೆ ಸಣ್ಣ ಕೈಗಾರಿಕೆಗಳವರ ಸಂಘವೊಂದು, ಕೆಲಸದ ಜಾಗದಲ್ಲಿ ಹೊಸ ವಿಧಾನ ತಂದವರನ್ನು ಗುರುತಿಸುತ್ತೇವೆ ಎಂದು ಅರ್ಜಿ ಕರೆದಿತ್ತು. ಸತೀಶಣ್ಣ ಅರ್ಜಿಯನ್ನು ನನ್ನ ಮುಂದಿಟ್ಟರು. ದಬ್ಬೆ ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಪುಟ ಬರೆದೆ. ಕೆಳಗೆ ‘ರೂಪಿಸಿದವರು’ ಎಂಬ ಜಾಗ ಖಾಲಿ ಇತ್ತು.

‘ಲಲಿತಕ್ಕನ ಹೆಸರು ಬರೀಲಾ ಸಾರ್?’

ಅವರು ಸ್ವಲ್ಪ ಯೋಚಿಸಿದರು. ‘ಒಬ್ಬರ ಹೆಸರು ಹಾಕಿದ್ರೆ ಉಳಿದವ್ರಿಗೆ ಬೇಜಾರಾಗ್ತದೆ ಮಾರಾಯ. ಘಟಕ ಅಂತ ಹಾಕಿ.’

ನಾನು ‘ಘಟಕದ ಆಡಳಿತ’ ಎಂದು ಬರೆದೆ. ಘಟಕ ಎಂದದ್ದು ಅವರು. ಆಡಳಿತ ಎಂಬ ಪದ ನನ್ನದು. ಬರೀ ಘಟಕ ಎಂದರೆ ಆ ಖಾಲಿ ಜಾಗ ತುಂಬುವುದಿಲ್ಲ ಅನ್ನಿಸಿತ್ತು, ಅಷ್ಟೇ.

ಸಂಘದವರು ನೋಡಲು ಬರುತ್ತೇವೆಂದು ತಿಳಿಸಿದರು. ಬರುವವರ ಕಣ್ಣಿಗೆ ಸೈಕಲ್ ಟ್ಯೂಬು ಬೀಳುವುದು ಸತೀಶಣ್ಣನಿಗೆ ಮುಜುಗರ. ಯಂತ್ರ ಮಾರಿದ್ದ ಕಂಪನಿಯ ಇಂಜಿನಿಯರನ್ನು ಕರೆಸಿದರು. ಚುರುಕಾದ ಯುವಕ. ದಬ್ಬೆಯನ್ನು ಒತ್ತಿ ನೋಡಿ, ‘ಐಡಿಯಾ ಚೆನ್ನಾಗಿದೆ ಸಾರ್, ಆದ್ರೆ ತುಂಬಾ ಹಳ್ಳಿ ಕೆಲಸ’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ಯಾರು ಮಾಡಿದ್ದು ಇದನ್ನ?’ ಎಂದು ಕೇಳಿದ.

‘ನಮ್ಮಲ್ಲೇ ಮಾಡಿದ್ದು’ ಎಂದೆ.

ಲಲಿತಕ್ಕ ಇಪ್ಪತ್ತು ಹೆಜ್ಜೆ ದೂರದಲ್ಲಿ ತೊಟ್ಟಿಯ ಹತ್ತಿರ ಹಾಳೆ ಉಜ್ಜುತ್ತಿದ್ದರು. ಕರೆದಿದ್ದರೆ ಕೈ ಒರೆಸಿಕೊಂಡು ಬರುತ್ತಿದ್ದರು. ಕರೆಯಲಿಲ್ಲ. ಅವರಿಗೇಕೆ ತೊಂದರೆ ಎಂದುಕೊಂಡೆನೋ, ನೆನಪೇ ಆಗಲಿಲ್ಲವೋ, ಈಗ ಹೇಳಲಾರೆ.

ಇಂಜಿನಿಯರ್ ನಾಲ್ಕು ದಿನದಲ್ಲಿ ಸ್ಟೀಲಿನ ಲಾಕು ಮಾಡಿಸಿ ತಂದ. ನೋಡಲು ಬಹಳ ಅಚ್ಚುಕಟ್ಟು. ಲಿವರಿನ ಹಿಡಿಯಲ್ಲೇ ಒಂದು ಗುಂಡಿ. ಬಲಗೈ ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಲಿವರ್ ಬಿಡುತ್ತದೆ. ದಬ್ಬೆ, ಹಗ್ಗ, ಟ್ಯೂಬು ಎಲ್ಲವೂ ಹಿತ್ತಿಲಿಗೆ ಹೋದವು.

ಆ ಸಂಜೆ ಲಲಿತಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು.

‘ರೈಟ್ರೇ, ಹೊಸದು ಗಟ್ಟಿ ಇದೆ, ಚೆಂದನೂ ಇದೆ. ಅದನ್ನ ಎಡಗಡೆಗೆ ಹಾಕಕ್ಕೆ ಹೇಳಿ.’

‘ಇಂಜಿನಿಯರು ಮಾಡಿದ್ದು ಲಲಿತಕ್ಕ. ಯೋಚನೆ ಮಾಡೇ ಮಾಡಿರ್ತಾರೆ.’

‘ಅವ್ರು ಯಂತ್ರ ನೋಡಿದಾರೆ. ಕೂತವ್ರನ್ನ ನೋಡಿಲ್ಲ. ಎಲ್ಲಾ ಕೆಲಸನೂ ಬಲಗೈಗೇ ಕೊಟ್ರೆ ಎಡಗೈ ಮತ್ತೆ ಅಲ್ಲಿಗೇ ಹೋಗ್ತದೆ.’

‘ನೋಡೋಣ’ ಎಂದೆ. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದರ್ಥ, ಅದು ಅವರಿಗೂ ಗೊತ್ತಿತ್ತು. ಚೀಲ ತೆಗೆದುಕೊಂಡು ಹೊರಟರು. ಅವರ ಮಾತನ್ನು ನಾನು ಸತೀಶಣ್ಣನಿಗೆ ದಾಟಿಸಲಿಲ್ಲ.

ಸಂಘದವರು ಬಂದರು, ನೋಡಿದರು, ಫೋಟೋ ತೆಗೆದರು. ಸತೀಶಣ್ಣನಿಗೆ ಶಾಲು ಹೊದಿಸಿ ಫಲಕ ಕೊಟ್ಟರು. ಹೆಂಗಸರು ಯಂತ್ರದ ಪಕ್ಕ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಅವರು ಹೋದ ಮೇಲೆ ಶಕುಂತಲ, ನನಗೂ ಕೇಳುವ ಹಾಗೆಯೇ ಹೇಳಿದಳು: ‘ದಬ್ಬೆ ಹಾಕಿದ್ದು ನೀನು, ಶಾಲು ಹಾಕ್ಸ್ಕಂಡಿದ್ದು ಅವ್ರು. ಸರಿ ಉಂಟಲ್ಲ ಲಲಿತಕ್ಕ?’

‘ಈ ಸೆಕೇಲಿ ಶಾಲು ಯಾರಿಗೆ ಬೇಕು? ಅವ್ರೇ ಹೊದ್ಕಳ್ಳಿ. ದಬ್ಬೆ ಇದ್ದಿದ್ರೆ ಸಾಕಿತ್ತು.’

ಹೊಸ ಲಾಕು ಹಾಕಿದ ಒಂಬತ್ತನೆಯ ದಿನ. ಹಿಂದಿನ ಸಂಜೆ ಗುಡುಗು ಮಳೆ ಬಂದು ಕರೆಂಟು ಹೋಗಿತ್ತು. ಬೆಳಿಗ್ಗೆ ಹತ್ತೂವರೆಗೆ ಬಂತು. ಕಳೆದುಹೋದ ಹೊತ್ತನ್ನು ತುಂಬಲು ಎಲ್ಲರೂ ಅವಸರದಲ್ಲಿದ್ದರು. ಅವಸರ ಮಾಡಿ ಎಂದು ನಾನೂ ಹೇಳಿದ್ದೆ. ಹನ್ನೊಂದು ಇಪ್ಪತ್ತರ ಹೊತ್ತಿಗೆ ಯಂತ್ರಗಳಿಗೆ ಬೆನ್ನು ಹಾಕಿ ಮೇಜಿನಲ್ಲಿ ಕುಳಿತಿದ್ದೆ. ಹಿಂದೆ ಶಕುಂತಲ ತನ್ನ ಅತ್ತೆ ಟಿವಿ ಧಾರಾವಾಹಿಯ ವಿಲನ್ನಿಗೆ ಶಾಪ ಹಾಕಿದ ಕಥೆ ಹೇಳುತ್ತಿದ್ದಳು. ನನಗೆ ಕೂಗು ಕೇಳಲಿಲ್ಲ. ಮಾತು ನಿಂತದ್ದು ಕೇಳಿತು.

ತಿರುಗಿದಾಗ ಲಲಿತಕ್ಕ ಓಡಿಬಂದು ಲಿವರ್ ಎತ್ತುತ್ತಿದ್ದರು. ಶಕುಂತಲ ಕುಳಿತಲ್ಲೇ ನೆಟ್ಟಗೆ ಕುಳಿತಿದ್ದಳು. ಅವಳ ಬಲಗೈ ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು. ಎಡಗೈಯನ್ನು ಲಲಿತಕ್ಕ ತಮ್ಮ ಸೆರಗಿನಲ್ಲಿ ಸುತ್ತಿದರು. ಆಗ ಆ ವಾಸನೆ. ಅದರ ಬಗ್ಗೆ ಇಷ್ಟೇ ಹೇಳಬಲ್ಲೆ: ಹಾಳೆಯದನ್ನೂ ಮತ್ತೊಂದನ್ನೂ ಬೇರೆ ಮಾಡಲು ಅಂದಿನಿಂದ ನನಗೆ ಸಾಧ್ಯವಾಗಿಲ್ಲ.

ಸತೀಶಣ್ಣ ಜೀಪು ಓಡಿಸಿದರು. ನಾನು ಹಿಂದೆ ಅವಳ ಕೈಯನ್ನು ಎತ್ತಿ ಹಿಡಿದು ಕುಳಿತಿದ್ದೆ. ಕೊಪ್ಪ ತಲುಪುವವರೆಗೆ ಮೂರು ಸಲ ಅವಳು, ‘ಮಾತಾಡ್ತಾ ಇದ್ನಲ್ಲ, ನಂದೇ ತಪ್ಪು ರೈಟ್ರೇ’ ಎಂದಳು. ಮೂರು ಸಲವೂ ನಾನು ಇಲ್ಲ ಎನ್ನಲಿಲ್ಲ. ಕೊಪ್ಪದಿಂದ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಕಿರುಬೆರಳನ್ನೂ ಉಂಗುರದ ಬೆರಳನ್ನೂ ನಡುಗಂಟಿನವರೆಗೆ ತೆಗೆದರು.

ಕಾರ್ಮಿಕ ಇಲಾಖೆಗೆ ಅಪಘಾತದ ವರದಿ ಬರೆಯಬೇಕಿತ್ತು. ‘ಕಾರಣ’ ಎಂಬ ಜಾಗದ ಮುಂದೆ ಎರಡು ಗೆರೆ. ಇಂಜಿನಿಯರ್ ಫೋನಿನಲ್ಲಿ, ‘ಆಪರೇಟರ್ ಅಜಾಗರೂಕತೆ ಅಂತ ಹಾಕಿ ಸಾರ್, ಎಲ್ಲಾ ಕಡೆ ಹಾಗೇ ಹಾಕೋದು’ ಎಂದ. ಹಾಗೆ ಬರೆದರೆ ತಪ್ಪು ಶಾಶ್ವತವಾಗಿ ಶಕುಂತಲಳದ್ದಾಗುತ್ತದೆ, ಲಾಕು ಇದ್ದಲ್ಲೇ ಉಳಿಯುತ್ತದೆ, ನಾಳೆ ಅದೇ ಗುಂಡಿಯ ಮುಂದೆ ಇನ್ನೊಬ್ಬಳು ಕೂರುತ್ತಾಳೆ. ಇದು ನನಗೆ ಗೊತ್ತಿತ್ತು. ಆದರೂ ಪೆನ್ಸಿಲಿನಲ್ಲಿ ಆ ಪದವನ್ನು ಬರೆದೆ. ಅವಳೇ ಒಪ್ಪಿಕೊಂಡಿದ್ದಾಳಲ್ಲ ಎಂಬ ನೆವ ಇತ್ತು. ಬರೆದ ಮೇಲೆ ಒಂದು ಗಂಟೆ ಅದನ್ನೇ ನೋಡುತ್ತಾ ಕುಳಿತೆ. ಆಮೇಲೆ ಅಳಿಸಿ, ಬೇರೆ ಕಾಗದ ತೆಗೆದುಕೊಂಡು, ಫೆಬ್ರವರಿಯಿಂದ ನಡೆದದ್ದನ್ನು ನಡೆದ ಹಾಗೆ ಬರೆಯಲು ಶುರು ಮಾಡಿದೆ. ದಬ್ಬೆಯನ್ನು ಮಾಡಿದವರು ಯಾರು, ಅರ್ಜಿಯಲ್ಲಿ ಏನು ಬರೆದೆ, ಇಂಜಿನಿಯರಿಗೆ ಏನು ಹೇಳಿದೆ, ಲಲಿತಕ್ಕ ಬಂದು ಏನು ಕೇಳಿದರು, ನಾನು ಏನೆಂದೆ. ಎರಡು ಪುಟವಾಯಿತು.

ಲಲಿತಕ್ಕ ನಾಲ್ಕು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಬೇಗಾರಿನ ತಮ್ಮನ ಮನೆಗೆ ಹೋಗಿದ್ದಾರೆ ಎಂದು ತಿಳಿಯಿತು. ಶೃಂಗೇರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಅವರು ಮಳೆಗಾಲಕ್ಕೆ ಸೌದೆ ಒಟ್ಟುತ್ತಿದ್ದರು.

‘ಬನ್ನಿ ರೈಟ್ರೇ. ಬಿಸಿಲಲ್ಲಿ ಬಂದ್ರಲ್ಲ’ ಎಂದು ನೀರು, ಬೆಲ್ಲ ತಂದಿಟ್ಟರು.

ಅವರಿಲ್ಲದಿದ್ದರೆ ಕೆಲಸ ನಡೆಯುವುದಿಲ್ಲ ಎಂದೆಲ್ಲ ಹೇಳಬೇಕೆಂದು ಹೊರಟಿದ್ದೆ. ಬಾಯಿಗೆ ಬಂದದ್ದು ಬೇರೆ.

‘ಅವತ್ತು ನೀವು ಹೇಳಿದ್ದಕ್ಕೆ ನಾನು ನೋಡೋಣ ಅಂದೆ.’

‘ಹೌದು. ನಾನೂ ಅಷ್ಟಕ್ಕೇ ಬಿಟ್ಟೆ. ಸತೀಶಣ್ಣನ ಹತ್ರನೇ ಹೋಗಿ ಹೇಳ್ಬೇಕಿತ್ತು. ಅದನ್ನೇ ನೆನಸ್ಕಂಡು ನಿದ್ದೆ ಬರದಿಲ್ಲ.’

ಬರೆದದ್ದನ್ನು ಓದುತ್ತೇನೆ, ತಪ್ಪಿದ್ದರೆ ಹೇಳಿ ಎಂದೆ. ಅವರು ಸೌದೆಯ ರಾಶಿಗೆ ಒರಗಿ ನಿಂತು ಕೇಳಿದರು. ಅವರ ಹೆಸರು ಬಂದ ಕಡೆ ಮುಖದಲ್ಲಿ ಏನೂ ಬದಲಾಗಲಿಲ್ಲ. ಓದಿ ಮುಗಿಸಿದೆ.

‘ಒಂದು ತಪ್ಪಿದೆ’ ಎಂದರು. ‘ನಾನೊಬ್ಳೇ ಮಾಡಿದ್ದು ಅಂತ ಬರ್ದಿದೀರಿ. ದಬ್ಬೆ ನಂದು ಹೌದು. ಆದ್ರೆ ಒತ್ತಿದ ದಬ್ಬೆ ವಾಪಸ್ ಬರ್ತಿರ್ಲಿಲ್ಲ. ಒಂದ್ಸಲ ಕೊಕ್ಕೆ ಬಿಟ್ರೆ ಬಿಟ್ಟೇ ಇರ್ತಿತ್ತು. ಆ ಭಾನುವಾರ ಶಕುಂತ್ಲನೂ ಬಂದಿದ್ಲು. ಸಂಜೆವರೆಗೆ ಒದ್ದಾಡಿದ್ವಿ. ಕೊನಿಗೆ ಮನೆಗೆ ಹೋಗಿ ಮಗನ ಸೈಕಲ್ಲಿಂದ ಟ್ಯೂಬು ಬಿಚ್ಕಂಡು ಬಂದವ್ಳು ಅವ್ಳು. ಟ್ಯೂಬು ಇಲ್ದಿದ್ರೆ ನಂದು ಬರೀ ಕೋಲು.’

‘ಯಾಕೆ ಯಾರೂ ಹೇಳ್ಲಿಲ್ಲ?’

‘ಯಾರು ಕೇಳಿದ್ರು ರೈಟ್ರೇ?’

ಒಬ್ಬರಿಗೆ ಆದ ಅನ್ಯಾಯವನ್ನು ಸರಿಪಡಿಸಲು ಹೊರಟವನು ಇನ್ನೊಬ್ಬಳನ್ನು ಮತ್ತೆ ಬಿಟ್ಟಿದ್ದೆ. ಅವಳನ್ನು ನಾನು ಆ ಎರಡು ಪುಟದಲ್ಲಿ ಗಾಯಗೊಂಡವಳು ಎಂದಷ್ಟೇ ಬರೆದಿದ್ದೆ. ಅಲ್ಲೇ, ಸೌದೆಯ ಮೇಲೆ ಕಾಗದ ಇಟ್ಟುಕೊಂಡು ತಿದ್ದಿದೆ. ಲಲಿತಕ್ಕ ಬಗ್ಗಿ ನೋಡಿ, ‘ಶಕುಂತಲ ಅಂತ ಪೂರ್ತಿ ಬರೀರಿ’ ಎಂದರು.

ಮರುದಿನ ಸತೀಶಣ್ಣ ಅದನ್ನು ನಿಂತುಕೊಂಡೇ ಎರಡು ಸಲ ಓದಿದರು.

‘ಇದು ಹೋದ್ರೆ ನನ್ನ ತಲೆ ಮೇಲೆ ಬರ್ತದೆ ಮಾರಾಯ.’

‘ನನ್ನ ತಲೆ ಮೇಲೂ ಬರ್ತದೆ ಸಾರ್.’

‘ಆಡಳಿತ ಅನ್ನೋ ಪದ ನೀವೇ ಹಾಕಿದ್ದು ಅಂತ ಬರ್ದಿದೀರಿ. ನಾನೇ ಹೇಳಿದ್ದು ಅಂತ ಬರ್ದಿದ್ರೆ ಆಗ್ತಿತ್ತು.’

‘ನೀವು ಘಟಕ ಅಂದಿದ್ರಿ.’

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ‘ಘಟಕ ಅಂದ್ರೆ ಯಾರು ಅಂತ ಅವತ್ತು ನಾನೂ ಯೋಚನೆ ಮಾಡ್ಲಿಲ್ಲ’ ಎಂದರು. ಆಮೇಲೆ ಸಹಿ ಹಾಕಿದರು. ಒಂದು ಪ್ರತಿಯನ್ನು ಸಂಘಕ್ಕೂ ಕಳಿಸಿ ಎಂದರು. ಅಲ್ಲಿಂದ ಉತ್ತರ ಬರಲಿಲ್ಲ.

ಲಲಿತಕ್ಕ ಬಂದರು. ಲಾಕು ಎಡಗಡೆಗೆ ಬರುವವರೆಗೆ ಯಂತ್ರ ಶುರುವಾಗುವುದಿಲ್ಲ ಎಂದು ಸತೀಶಣ್ಣನೇ ಹೇಳಿದರು. ಕೊಪ್ಪದಿಂದ ವೆಲ್ಡಿಂಗಿನವನು ಬಂದಾಗ, ‘ನನ್ನನ್ನ ಕೇಳ್ಬೇಡ, ಅವರನ್ನ ಕೇಳು’ ಎಂದು ಲಲಿತಕ್ಕನ ಕಡೆ ಕೈ ತೋರಿಸಿದರು. ಲಲಿತಕ್ಕ ಹೆಂಗಸರನ್ನು ಒಬ್ಬೊಬ್ಬರಾಗಿ ಯಂತ್ರದ ಮುಂದೆ ಕೂರಿಸಿ, ಅವರ ಎಡಗೈ ತಾನಾಗಿ ಎಲ್ಲಿಗೆ ಚಾಚುತ್ತದೆ ಎಂದು ನೋಡಿ ಸುಣ್ಣದಲ್ಲಿ ಗುರುತು ಹಾಕಿದರು. ಆ ಗುರುತುಗಳು ಒಂದೊಂದೂ ಬೇರೆ ಎತ್ತರದಲ್ಲಿದ್ದವು. ಲಾಕನ್ನು ಮೇಲೆ ಕೆಳಗೆ ಸರಿಸಲು ಬರುವ ಹಾಗೆ ಮಾಡಬೇಕೆಂದು ಪ್ರೇಮಾ ಹೇಳಿದಳು. ಅದನ್ನೂ ಬರೆದುಕೊಂಡೆ, ಅವಳ ಹೆಸರಿನ ಸಮೇತ.

ವೆಲ್ಡಿಂಗ್ ಮುಗಿಯುವ ದಿನ ಶಕುಂತಲ ಬಂದಳು. ಕೈಗೆ ದಪ್ಪ ಬ್ಯಾಂಡೇಜು.

‘ಎಂತ ಸಾವಿನ ಮನೆ ಥರ ಕೂತಿದೀರಿ? ಇನ್ನೂ ಎಂಟು ಇದಾವೆ ಮಾರಾಯ್ತೀರಾ.’

ವರದಿಯನ್ನು ಅವಳಿಗೂ ಓದಿ ಹೇಳಿದೆ. ಟ್ಯೂಬಿನ ಭಾಗ ಬಂದಾಗ, ‘ನಮ್ಮ ಹುಡ್ಗ ಇನ್ನೂ ಸೈಕಲ್ ಕೇಳ್ತಿದಾನೆ, ಅದನ್ನೂ ಬರೀರಿ’ ಎಂದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೇಳಿದಳು: ‘ಜೀಪಲ್ಲಿ ನಂದೇ ತಪ್ಪು ಅಂದಿದ್ನಲ್ಲ, ಅದನ್ನ ಬರ್ದಿದೀರಾ?’

‘ಬರೆದಿದೀನಿ. ಅದು ನಿಜ ಅಲ್ಲ ಅಂತ ಅದರ ಕೆಳಗೇ ಬರೆದಿದೀನಿ.’

ಅವಳು ಬಾಗಿಲ ಕಡೆ ತಿರುಗಿದಳು. ಹೊರಗೆ ಮೋಡ ಕಟ್ಟುತ್ತಿತ್ತು.

ವೆಲ್ಡಿಂಗಿನವನು ಕೆಲಸ ಮುಗಿಸಿ ಸಾಮಾನು ಕಟ್ಟಿಕೊಂಡ. ಅಚ್ಚು ಇನ್ನೂ ಕಾಯಿಸಿರಲಿಲ್ಲ, ಮೋಟಾರ್ ಮಾತ್ರ ಹಾಕಿದ್ದರು. ಮೊದಲು ಯಾರು ಕೂರುವುದು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಲಲಿತಕ್ಕ ನನ್ನನ್ನು ಕರೆದರು.

‘ರೈಟ್ರೇ, ನೀವು ಕೂತ್ಕಳಿ.’

ಐದು ತಿಂಗಳಲ್ಲಿ ನಾನು ಒಂದು ದಿನವೂ ಆ ಮಣೆಯ ಮೇಲೆ ಕುಳಿತಿರಲಿಲ್ಲ. ಕುಳಿತೆ. ಒಂದು ಹಾಳೆ ಕೊಟ್ಟರು. ಹರಡಿದೆ. ಅದು ಸುರುಳಿ ಸುತ್ತಿಕೊಂಡಿತು. ಬಿಡಿಸಿ ಮತ್ತೆ ಹರಡಿದೆ. ಹನ್ನೊಂದು ಜನ ಸುತ್ತ ನಿಂತು ನೋಡುತ್ತಿದ್ದರಿಂದ ನಾಚಿಕೆಯಾಗಿ, ಬೇಗ ಮುಗಿಸಬೇಕೆಂದು ಲಿವರ್ ಎಳೆದೆ. ಅದು ಬರಲಿಲ್ಲ. ಗಟ್ಟಿಯಾಗಿದೆ ಎಂದುಕೊಂಡು ಬಲ ಹಾಕಿ ಇನ್ನೊಮ್ಮೆ ಎಳೆದೆ. ಅಲುಗಾಡಲಿಲ್ಲ.

ಬೆನ್ನ ಹಿಂದಿನಿಂದ ಶಕುಂತಲ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು: ‘ನಿಮ್ಮ ಎಡಗೈ ಎಲ್ಲಿದೆ ನೋಡ್ಕಳಿ ರೈಟ್ರೇ.’

ನೋಡಿದೆ. ಅದು ಅಚ್ಚಿನೊಳಗೆ, ಹಾಳೆಯ ಅಂಚನ್ನು ಒತ್ತಿಕೊಂಡು, ಯಾವ ಹೆದರಿಕೆಯೂ ಇಲ್ಲದೆ ಕೂತಿತ್ತು.